ಕೇಳುವವರು ಯಾರು, ಹೇಳುವವರು ಯಾರು?
(ಇಂದಿನ ರಶಿಯಾದ ಅಭ್ಯಾಸವನ್ನು ಕುರಿತು ಒಂದು ವಿಮರ್ಶೆ)

ಒಂದು ದೇಶವನ್ನು ಅದರ ಸಾಹಿತ್ಯದ ಮೂಲಕ ಪ್ರೀತಿಸಿದವರಿಗೆ ಆ ದೇಶದ ವರ್ತಮಾನವನ್ನು ಅಭ್ಯಸಿಸುವುದು ಎಷ್ಟು ಕಷ್ಟವೆಂಬುದಕ್ಕೆ ರಶಿಯಾದಷ್ಟು ಒಳ್ಳೆಯ ನಿದರ್ಶನ ಇನ್ನೊಂದಿಲ್ಲ. ಟಾಲ್‌ಸ್ಟಾಯ್, ಚೆಕಾವ್, ಗೋರ್ಕಿ ಇವರನ್ನು ಕನ್ನಡದಲ್ಲಿ ಓದಿದವರು ನಮ್ಮಲ್ಲಿ ಕಡಮೆಯಿಲ್ಲ. ಮಾಸ್ಕೋದಲ್ಲಿಯೇ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿ ಅಗ್ಗದ ಬೆಲೆಗೆ ಬರುತ್ತಿದ್ದ ಪುಸ್ತಕಗಳು ನಮ್ಮ ಗಡಿನಾಡಿನ ಹಳೆಯ ವಾಚನಾಲಯಗಳ ಕಪಾಟುಗಳಲ್ಲಿ ಇಂದಿಗೂ ಅಲ್ಲಲ್ಲಿ ದೊರೆಯುತ್ತವೆ. ದಪ್ಪ ಕಾಗದ, ಗಟ್ಟಿ ರಟ್ಟು, ಮಾಸದ ಬಣ್ಣದ ಚಿತ್ರಗಳು. ಅವನ್ನು ಅಚ್ಚು ಮಾಡಿಸಿದ ರಾಜ್ಯವು 1991ರ ಡಿಸೆಂಬರಿನಲ್ಲಿ ಇಲ್ಲವಾಯಿತು. ಅನಂತರದ ರಶಿಯಾ ನಮಗೆ ದೊರೆತುದು ಪುಸ್ತಕಗಳಲ್ಲಿ ಅಲ್ಲ, ವೃತ್ತಪತ್ರಿಕೆಗಳ ತಲೆಬರಹಗಳಲ್ಲಿ.

ತಲೆಬರಹಗಳನ್ನಷ್ಟೇ ಓದಿದವರ ಬಾಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ರಶಿಯಾ ನಮ್ಮ ಹಳೆಯ ಮಿತ್ರ, ಅದನ್ನು ಕುರಿತು ಪಶ್ಚಿಮದವರು ಹೇಳುವುದೆಲ್ಲ ಕಟ್ಟುಕಥೆ ಎನ್ನುವುದು ಒಂದು. ಆ ಜನಕ್ಕೆ ಅಂದಿನಿಂದಲೂ ಒಬ್ಬ ಜಾರ್ ಬೇಕು, ಆಳಿಸಿಕೊಳ್ಳುವುದು ಅವರ ಹುಟ್ಟುಗುಣ ಎನ್ನುವುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಎರಡಕ್ಕೂ ಒಮ್ಮತವಿದೆ: ರಶಿಯನ್ನರನ್ನು ಕೇಳಿ ನೋಡುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಕೇಳಿ ನೋಡಿದ ಗ್ರಂಥಗಳಲ್ಲಿ ಮೊದಲು ಹೆಸರಿಸಬೇಕಾದುದು ಸ್ವೆತ್ಲಾನಾ ಅಲೆಕ್ಸಿಯೇವಿಚ್ ಅವರ ‘ಸೆಕೆಂಡ್ ಹ್ಯಾಂಡ್ ಟೈಮ್’. ಇದು ರಶಿಯನ್ ಭಾಷೆಯಲ್ಲಿ 2013ರಲ್ಲಿ ಪ್ರಕಟವಾಯಿತು. ಬೇಲಾ ಶಯೇವಿಚ್ ಅವರು ಮಾಡಿದ ಇಂಗ್ಲಿಷ್ ಅನುವಾದ 2016ರಲ್ಲಿ ಹೊರಬಂದಿತು. ನಾವು ಓದಿರುವುದು ಆ ಅನುವಾದವನ್ನು. ಗ್ರಂಥಕರ್ತ್ರಿಯು 1948ರಲ್ಲಿ ಯುಕ್ರೇನಿನಲ್ಲಿ ಜನಿಸಿ, ಬೆಲಾರೂಸಿನಲ್ಲಿ ಬೆಳೆದು, ರಶಿಯನ್ ಭಾಷೆಯಲ್ಲಿ ಬರೆಯುವವರು. ತಂದೆ ಬೆಲಾರೂಸಿನವರು, ತಾಯಿ ಯುಕ್ರೇನಿನವರು, ಇಬ್ಬರೂ ಉಪಾಧ್ಯಾಯರು. ಗಡಿನಾಡಿನ ವಾಚಕರಿಗೆ ಇಂತಹ ಲೇಖಕಿಯ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2015ರಲ್ಲಿ ಇವರಿಗೆ ನೊಬೆಲ್ ಪಾರಿತೋಷಕ ಬಂದಿತು. 2020ರ ಸೆಪ್ಟೆಂಬರಿನಲ್ಲಿ, ಚುನಾವಣೆಯ ಬಳಿಕದ ದಮನದ ಕಾಲದಲ್ಲಿ, ಬೆಲಾರೂಸನ್ನು ಬಿಟ್ಟು ಜರ್ಮನಿಗೆ ಹೋದರು.

ಗ್ರಂಥದ ಹೆಸರನ್ನು ಗಮನಿಸಬೇಕು. ರಶಿಯನ್ ಮೂಲದಲ್ಲಿಯೂ ‘ಸೆಕೆಂಡ್ ಹ್ಯಾಂಡ್’ ಎಂಬ ಇಂಗ್ಲಿಷ್ ಪದವೇ ಇದೆ. ಅನ್ಯರು ಉಟ್ಟು ಬಿಟ್ಟ ಬಟ್ಟೆಯನ್ನು ಮಾರುವ ಅಂಗಡಿಗಳಿಗೆ ಅಲ್ಲಿ ಆ ಹೆಸರು. ಸ್ವಂತದ ಕಾಲವೊಂದು ಹರಿದುಹೋದ ಮೇಲೆ ಬೇರೆಯವರು ತೊಟ್ಟು ಬಿಟ್ಟ ವಿಚಾರಗಳನ್ನು ತೊಟ್ಟುಕೊಂಡ ಜನರ ಕಥೆ ಎಂದು ಅರ್ಥ. ಮೊದಲ ಭಾಗದಲ್ಲಿ 1991ರಿಂದ 2001ರವರೆಗಿನ ಹತ್ತು ಕಥನಗಳಿವೆ. ಎರಡನೆಯದರಲ್ಲಿ 2002ರಿಂದ 2012ರವರೆಗಿನ ಹತ್ತು. ಪ್ರತಿಯೊಂದು ಭಾಗದ ಬಾಗಿಲಲ್ಲಿಯೂ ಬೀದಿಯ ಗದ್ದಲವನ್ನು, ಅಡಿಗೆಮನೆಯ ಹರಟೆಯನ್ನು ಹಾಗೆಯೇ ರಾಶಿ ಹಾಕಿದ್ದಾರೆ. ಅಡಿಗೆಮನೆಗೆ ಅಲ್ಲಿ ಒಂದು ಇತಿಹಾಸವೇ ಇದೆ. ಅರುವತ್ತರ ದಶಕದಲ್ಲಿ ಕುಟುಂಬಕ್ಕೊಂದು ಪ್ರತ್ಯೇಕ ಅಡಿಗೆಮನೆ ದೊರೆಯತೊಡಗಿದಾಗ, ನೆರೆಯವರ ಕಿವಿಯಿಂದ ತಪ್ಪಿಸಿಕೊಂಡು ಸರಕಾರವನ್ನು ಟೀಕಿಸಲು ಜನರಿಗೆ ಸಿಕ್ಕ ಸ್ಥಳ ಅದೊಂದೇ ಆಗಿದ್ದಿತು.

ಈ ಗ್ರಂಥದ ಬಲವಿರುವುದು ವ್ಯಕ್ತಿಗಳ ಕಥನದಲ್ಲಿ. ಮಾರ್ಷಲ್ ಅಖ್ರೊಮೇಯೆವ್ 1991ರ ಆಗಸ್ಟಿನಲ್ಲಿ, ಗೊರ್ಬಚೊವರ ವಿರುದ್ಧದ ಕ್ಷಿಪ್ರಕ್ರಾಂತಿ ಮುರಿದುಬಿದ್ದ ಒಡನೆಯೇ, ಕ್ರೆಮ್ಲಿನ್ನಿನ ತಮ್ಮ ಕಚೇರಿಯಲ್ಲಿ ಮೃತರಾಗಿ ದೊರೆತರು. ಅವರ ಅಧ್ಯಾಯದಲ್ಲಿ ಲೇಖಕಿ ಅವರನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಪತ್ರಗಳನ್ನು, ಪತ್ರಿಕೆಯ ತುಣುಕುಗಳನ್ನು, ಪರಿಚಿತರ ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದು ಇರಿಸುತ್ತಾರೆ. ಬ್ರೆಸ್ಟ್ ಕೋಟೆಯನ್ನು 1941ರಲ್ಲಿ ಜರ್ಮನರ ವಿರುದ್ಧ ರಕ್ಷಿಸಿದ ಯೋಧ ತಿಮೆರ್ಯಾನ್ ಜಿನಾತೊವ್ 1992ರಲ್ಲಿ ಅದೇ ಊರಿಗೆ ಬಂದು ರೈಲಿಗೆ ತಲೆಯೊಡ್ಡಿದ ಸಂಗತಿಯನ್ನು ಓದಿದ ಬಳಿಕ, ಸೋವಿಯೆತ್ ರಾಜ್ಯದ ಪತನವನ್ನು ಕೇವಲ ಬಿಡುಗಡೆಯ ಕಥೆಯೆಂದು ಹೇಳಲು ನಮ್ಮ ನಾಲಗೆ ಏಳುವುದಿಲ್ಲ. ಆ ರಾಜ್ಯದ ಬಂದೀಖಾನೆಗಳಲ್ಲಿ ನವೆದವರ ಕಥೆಗಳೂ ಅದೇ ಗ್ರಂಥದಲ್ಲಿ ಇರುವುದರಿಂದ, ಅದನ್ನು ಸುವರ್ಣಯುಗವೆಂದೂ ಹೇಳಲಾರೆವು.

ತೊಂಬತ್ತರ ದಶಕದ ಆ ಪುಟಗಳನ್ನು ಓದದೆ ಇಂದಿನ ರಶಿಯಾದ ರಾಜಕಾರಣ ಅರ್ಥವಾಗುವುದು ಅಸಾಧ್ಯವೆಂದು ನಮ್ಮ ಅಭಿಪ್ರಾಯ. 1992ರ ಜನವರಿ 2ರಂದು ಬೆಲೆಗಳ ಮೇಲಿನ ಹತೋಟಿಯನ್ನು ತೆಗೆದುಹಾಕಲಾಯಿತು. ಆ ಒಂದು ವರ್ಷದಲ್ಲಿ ಬೆಲೆಗಳು ಇಪ್ಪತ್ತೈದು ಪಟ್ಟಿಗೂ ಹೆಚ್ಚು ಏರಿದವು. ಜೀವಮಾನದ ಉಳಿತಾಯ ಕೆಲವೇ ತಿಂಗಳುಗಳಲ್ಲಿ ಕರಗಿತು. 1994ರ ವೇಳೆಗೆ ಗಂಡಸರ ಸರಾಸರಿ ಆಯುಸ್ಸು 58 ವರ್ಷಗಳಿಗಿಂತಲೂ ಕೆಳಗಿಳಿಯಿತು. ಉಪಾಧ್ಯಾಯರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. 1998ರಲ್ಲಿ ಆಲ್ತಾಯಿ ಪ್ರಾಂತದ ಉಪಾಧ್ಯಾಯರಿಗೆ ಬಾಕಿ ಸಂಬಳದ ಬದಲು ವೋದ್ಕಾ ಸೀಸೆಗಳನ್ನು ಕೊಡಲಾಯಿತು. (ನಮ್ಮ ವೃತ್ತಿಬಾಂಧವರು ಇದನ್ನು ಓದಿ ನಕ್ಕರೆ ತಪ್ಪಿಲ್ಲ, ನಾವೂ ನಕ್ಕೆವು, ಆದರೆ ಆ ಸೀಸೆಯನ್ನು ಮಾರಿ ಹಿಟ್ಟು ತರಬೇಕಾದವಳಿಗೆ ನಗುವಿನ ಪ್ರಸಂಗವಾಗಿರಲಾರದು.) ‘ಪ್ರಜಾಪ್ರಭುತ್ವ’ ಎಂಬ ಪದವನ್ನು ಆ ಜನ ಮೊದಲು ಅನುಭವಿಸಿದುದು ಈ ವರ್ಷಗಳ ರೂಪದಲ್ಲಿ. 2000ದಲ್ಲಿ ಅಧ್ಯಕ್ಷರಾದ ಪುತಿನ್ ಅವರ ಕಾಲದಲ್ಲಿ ಎಣ್ಣೆಯ ಬೆಲೆ ಏರಿ ಸಂಬಳ ದಿನಕ್ಕೆ ಸರಿಯಾಗಿ ಬರತೊಡಗಿದಾಗ, ಅದನ್ನು ಅವರು ಯಾರ ಲೆಕ್ಕಕ್ಕೆ ಜಮೆ ಹಾಕಿದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇಷ್ಟು ಹೇಳಿದ ಮೇಲೆ ಗ್ರಂಥದ ದೋಷವನ್ನೂ ಹೇಳಬೇಕು. ಮುನ್ನುಡಿಯಲ್ಲಿ ಲೇಖಕಿ ‘ಸೋವಿಯೆತ್ ಮಾನವ’ ಎಂಬ ಒಂದು ಜಾತಿಯನ್ನೇ ಕಲ್ಪಿಸುತ್ತಾರೆ. ಎಲ್ಲಿದ್ದರೂ ಗುರುತು ಹಿಡಿಯಬಹುದಾದ, ಸಾವಿನೊಡನೆ ಬೇರೆಯೇ ಸಂಬಂಧವುಳ್ಳ, ಸ್ವಾತಂತ್ರ್ಯ ಕೈಗೆ ಬಂದರೂ ಏನು ಮಾಡಬೇಕೆಂದು ತಿಳಿಯದ ಮಾನವ. ಗ್ರಂಥದ ಒಳಗೆ ಒಬ್ಬೊಬ್ಬರೂ ಒಂದೊಂದು ಬಗೆ; ಮುನ್ನುಡಿಯಲ್ಲಿ ಎಲ್ಲರೂ ಒಂದೇ ಅಚ್ಚಿನ ಬೊಂಬೆಗಳು. ಬಲಾತ್ಕಾರ, ಹಸಿವು, ಕಾನೂನು ಇವು ಮಾಡಿದುದನ್ನೆಲ್ಲ ಜನರ ಸ್ವಭಾವದ ತಲೆಗೆ ಕಟ್ಟಿದರೆ, ಮಾಡಿಸಿದವರು ಸುಲಭವಾಗಿ ಪಾರಾಗುತ್ತಾರೆ.

ಇನ್ನೊಂದು ಆಕ್ಷೇಪವೂ ಇದೆ. ಈ ಲೇಖಕಿಯ ಗ್ರಂಥಗಳಲ್ಲಿ ಸೈನಿಕನೂ ಮುದುಕಿಯೂ ವಿದ್ಯಾರ್ಥಿನಿಯೂ ಬಹುಮಟ್ಟಿಗೆ ಒಂದೇ ಲಯದಲ್ಲಿ ಮಾತನಾಡುತ್ತಾರೆ. ಅದೇ ವ್ಯಕ್ತಿಯ ಮಾತು ಒಂದು ಮುದ್ರಣದಿಂದ ಇನ್ನೊಂದಕ್ಕೆ ಬದಲಾಗಿರುವುದನ್ನು ಸೋಫಿ ಪಿಂಕಮ್ ಮೊದಲಾದ ವಿಮರ್ಶಕರು ತೋರಿಸಿದ್ದಾರೆ. ಆಫ್‌ಘನ್ ಯುದ್ಧವನ್ನು ಕುರಿತು ಇವರು ಬರೆದ ಗ್ರಂಥದಲ್ಲಿ ತಮ್ಮ ಮಾತನ್ನು ತಿರುಚಲಾಗಿದೆಯೆಂದು ಕೆಲವು ತಾಯಂದಿರೂ ಸೈನಿಕರೂ ಮಿನ್ಸ್ಕ್ ನಗರದ ನ್ಯಾಯಾಲಯಕ್ಕೆ ಹೋದುದೂ ಉಂಟು. 1992-93ರಲ್ಲಿ ನಡೆದ ಆ ವಿಚಾರಣೆಯ ಕಾಗದಪತ್ರಗಳನ್ನು ಲೇಖಕಿಯೇ ಮುಂದಿನ ಮುದ್ರಣಗಳಲ್ಲಿ ಸೇರಿಸಿದರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ತಮ್ಮದು ಇತಿಹಾಸವಲ್ಲ, ಹಲವು ದನಿಗಳ ಕಾದಂಬರಿ ಎಂದು ಅವರ ಸಮಾಧಾನ. ಕಾದಂಬರಿಯೆಂದು ಒಪ್ಪಿದರೆ ತಕರಾರಿಲ್ಲ. ರಶಿಯಾದ ಸಮಾಜವನ್ನು ಅಭ್ಯಸಿಸಲು ಅದೊಂದೇ ಸಾಕೆಂದರೆ ನಾವು ಒಪ್ಪಲಾರೆವು.

ಸಾಲದಾದುದನ್ನು ಅಂಕಿಗಳಿಂದ ತುಂಬಿಕೊಳ್ಳಬಹುದೆ? ಇಲ್ಲಿ ಯೂರಿ ಲೆವಾದಾ ಅವರನ್ನು ನೆನೆಯಬೇಕು. 1969ರಲ್ಲಿ, ಸಮಾಜಶಾಸ್ತ್ರವನ್ನು ಕುರಿತ ತಮ್ಮ ಉಪನ್ಯಾಸಗಳು ಪಕ್ಷದ ಕೋಪಕ್ಕೆ ಗುರಿಯಾಗಿ, ಮಾಸ್ಕೋ ವಿಶ್ವವಿದ್ಯಾಲಯದ ಈ ವಿದ್ವಾಂಸರು ಮೂಲೆಗೆ ತಳ್ಳಲ್ಪಟ್ಟರು. 1987ರಲ್ಲಿ ಗೊರ್ಬಚೊವರ ಕಾಲದಲ್ಲಿ ಸಾರ್ವಜನಿಕ ಅಭಿಪ್ರಾಯವನ್ನು ಅಳೆಯುವ ಒಂದು ಕೇಂದ್ರ ಸ್ಥಾಪನೆಯಾಯಿತು. ತತ್ಯಾನಾ ಜಸ್ಲಾವ್‌ಸ್ಕಾಯಾ ಅದರ ಮೊದಲ ಮುಖ್ಯಸ್ಥೆ, 1992ರಿಂದ ಲೆವಾದಾ. ‘ಸೋವಿಯೆತ್ ಮಾನವ’ನನ್ನು ಪ್ರಶ್ನಾವಳಿ ಹಿಡಿದು ಅಳೆಯಲು 1989ರಲ್ಲಿ ಹೊರಟವರೂ ಇವರ ತಂಡದವರೇ. ಹಳೆಯ ತಲೆಮಾರು ಕಣ್ಮರೆಯಾದಂತೆ ಈ ಮಾನವನೂ ಕಣ್ಮರೆಯಾಗುವನೆಂಬುದು ಅವರ ಊಹೆ. ಮುಂದಿನ ಸುತ್ತುಗಳಲ್ಲಿ ಅವನು ಹೊಸ ತಲೆಮಾರಿನಲ್ಲಿಯೂ ಕಾಣಿಸಿಕೊಂಡನೆಂದು ಅವರೇ ಹೇಳಿದರು. ಹುಡುಕಲು ಹೊರಟ ಮಾನವನನ್ನೇ ಹುಡುಕಿ ತಂದಿರಲ್ಲವೇ ಎಂಬ ಪ್ರಶ್ನೆಯನ್ನು ಗುಲ್ನಾಜ್ ಶರಫುತ್ದಿನೋವಾ ಇತ್ತೀಚೆಗೆ, 2023ರ ತಮ್ಮ ಗ್ರಂಥದಲ್ಲಿ, ಬಲವಾಗಿ ಎತ್ತಿದ್ದಾರೆ. ನಮಗೆ ಆ ಪ್ರಶ್ನೆ ನ್ಯಾಯವೆನಿಸುತ್ತದೆ. ಅದರಿಂದ ಲೆವಾದಾ ಅವರ ಧೈರ್ಯಕ್ಕೆ ಕುಂದಿಲ್ಲ: 2003ರಲ್ಲಿ ಸರಕಾರ ಕೇಂದ್ರದ ಆಡಳಿತವನ್ನು ತನ್ನವರ ಕೈಗಿತ್ತಾಗ ಅವರು ಹೊರಬಂದರು, ಸಿಬ್ಬಂದಿಯೂ ಅವರನ್ನು ಹಿಂಬಾಲಿಸಿ ಹೊಸ ಸಂಸ್ಥೆಯೊಂದು ಹುಟ್ಟಿತು. ಲೆವಾದಾ 2006ರಲ್ಲಿ ತೀರಿಕೊಂಡರು. ಅವರ ಹೆಸರಿನ ಆ ಸಂಸ್ಥೆಗೆ 2016ರಲ್ಲಿ ಸರಕಾರವು ‘ವಿದೇಶೀ ಏಜೆಂಟ್’ ಎಂಬ ಹಣೆಪಟ್ಟಿ ಕಟ್ಟಿತು.

ಈ ಸಂಸ್ಥೆಯವರು ಸುಮಾರು 1,600 ಮಂದಿಯನ್ನು ಅವರವರ ಮನೆಗೆ ಹೋಗಿ ಮಾತನಾಡಿಸುತ್ತಾರೆ. ಪುತಿನ್ ಅವರ ಕಾರ್ಯವನ್ನು ಮೆಚ್ಚುತ್ತೇವೆಂದವರು 2020ರ ಏಪ್ರಿಲಿನಲ್ಲಿ ಶೇಕಡ 59. ಯುಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ನಡೆದ ಮರುತಿಂಗಳು, 2022ರ ಮಾರ್ಚಿನಲ್ಲಿ, ಶೇಕಡ 83. ಈ ಎರಡನೆಯ ಅಂಕಿಯನ್ನು ಓದಿದವರು ಸಾಮಾನ್ಯವಾಗಿ ಎರಡು ಪಂಗಡವಾಗುತ್ತಾರೆ. ‘ನೋಡಿ, ಜನರೆಲ್ಲ ಯುದ್ಧದ ಪರ’ ಎಂದು ಕೆಲವರು. ‘ಎಲ್ಲ ಹೆದರಿಕೆಯ ಉತ್ತರ, ಕಸದ ಬುಟ್ಟಿಗೆ ಹಾಕಿ’ ಎಂದು ಕೆಲವರು.

ಮತದಾರರ ಪಟ್ಟಿಯನ್ನು ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿದ ಉಪಾಧ್ಯಾಯರಿಗೆ ಇಲ್ಲಿ ಹೇಳಲು ಒಂದು ಮಾತಿದೆ. ಕೈಯಲ್ಲಿ ಸರಕಾರದ ಕಾಗದವಿದ್ದರೆ ಜಗಲಿಯ ಮಾತೇ ಬೇರೆ. ಅದೇ ಮನೆಗೆ ಮಗುವಿನ ಮೇಷ್ಟರಾಗಿ ಹೋದರೆ ಸಿಗುವ ಮಾತೇ ಬೇರೆ. ಎರಡರಲ್ಲಿಯೂ ಸುಳ್ಳಿಲ್ಲ. ರಶಿಯಾದಲ್ಲಿಯಾದರೋ, ಸೈನ್ಯವನ್ನು ಕುರಿತು ‘ಸುಳ್ಳು ಸುದ್ದಿ’ ಹಬ್ಬಿಸಿದವರಿಗೆ ಹದಿನೈದು ವರ್ಷಗಳವರೆಗೆ ಸೆರೆಯೆಂಬ ಕಾನೂನು 2022ರ ಮಾರ್ಚ್ 4ರಂದು ಬಂದಿತು. ಅಪರಿಚಿತನೊಬ್ಬ ಬಾಗಿಲು ತಟ್ಟಿ ಯುದ್ಧವನ್ನು ಕುರಿತು ಕೇಳಿದರೆ ಮನೆಯವರು ಮೊದಲು ಅಳೆಯುವುದು ಪ್ರಶ್ನೆಯನ್ನಲ್ಲ, ಕೇಳುವವನ ಮುಖವನ್ನು.

ಈ ಹೆದರಿಕೆಯನ್ನೂ ಅಳೆಯಲು ವಿದ್ವಾಂಸರು ಒಂದು ಉಪಾಯ ಮಾಡಿದ್ದಾರೆ. ಒಂದು ಗುಂಪಿನ ಮುಂದೆ ಸ್ಟಾಲಿನ್, ಬ್ರೆಜ್ನೆವ್, ಯೆಲ್ತ್ಸಿನ್ ಎಂಬ ಮೂರು ಹೆಸರುಗಳು. ಇನ್ನೊಂದು ಗುಂಪಿನ ಮುಂದೆ ಅದೇ ಮೂರರ ಜೊತೆಗೆ ಪುತಿನ್. ಯಾರನ್ನು ಬೆಂಬಲಿಸುತ್ತೀರಿ ಎಂದು ಕೇಳುವುದಿಲ್ಲ, ಇವರಲ್ಲಿ ಎಷ್ಟು ಮಂದಿಯನ್ನು ಎಂದಷ್ಟೇ ಕೇಳುವುದು. ಎರಡು ಗುಂಪುಗಳ ಸರಾಸರಿಯ ಅಂತರವೇ ನಾಲ್ಕನೆಯವರಿಗಿರುವ ಬೆಂಬಲ. ಯಾವನೊಬ್ಬನೂ ತನ್ನ ಗುಟ್ಟನ್ನು ಬಿಟ್ಟುಕೊಡಬೇಕಾಗಿಲ್ಲ. ತಿಮೊಥಿ ಫ್ರೈ ಮೊದಲಾದವರು 2015ರಲ್ಲಿ ಲೆವಾದಾ ಸಂಸ್ಥೆಯ ಮೂಲಕವೇ ಹೀಗೆ ಕೇಳಿಸಿದಾಗ ಬಂದ ಬೆಂಬಲ ನೇರವಾಗಿ ಕೇಳಿದಾಗ ಬಂದುದಕ್ಕಿಂತ ಬಹಳ ಕಡಮೆಯಾಗಿರಲಿಲ್ಲ. ಸುಮಾರು ಶೇಕಡ 80. ಕ್ರಿಮಿಯಾವನ್ನು ಸೇರಿಸಿಕೊಂಡ ಮರುವರ್ಷ ಅದು. ಆದರೆ 2022ರ ಏಪ್ರಿಲಿನಲ್ಲಿ ಫಿಲಿಪ್ ಚಪ್ಕೋವ್‌ಸ್ಕಿ, ಮಾಕ್ಸ್ ಶೌಬ್ ಎಂಬಿಬ್ಬರು ಯುದ್ಧವನ್ನು ಕುರಿತು ಇದೇ ಉಪಾಯದಿಂದ ಕೇಳಿದಾಗ, ನೇರ ಪ್ರಶ್ನೆಗೆ ಬಂದ ಶೇಕಡ 68 ಮರೆಯ ಪ್ರಶ್ನೆಗೆ 53ಕ್ಕೆ ಇಳಿಯಿತು. ಬುಟ್ಟಿಗೆ ಹಾಕುವವರಿಗೂ ಇಲ್ಲಿ ಸಮಾಧಾನವಿಲ್ಲ, ಬಾವುಟ ಹಾರಿಸುವವರಿಗೂ ಇಲ್ಲ. ಹೆದರಿಕೆ ನಿಜ, ಬೆಂಬಲವೂ ನಿಜ. ಕಾಲಕ್ಕೆ ತಕ್ಕಂತೆ, ಪ್ರಶ್ನೆಗೆ ತಕ್ಕಂತೆ ಇವುಗಳ ಪಾಲು ಬೇರೆ.

ಮತಪೆಟ್ಟಿಗೆಯ ಅಂಕಿಗಳ ಕಥೆ ಇನ್ನೂ ಸ್ವಾರಸ್ಯವಾದುದು. ರಶಿಯಾದಲ್ಲಿಯೂ ಮತಗಟ್ಟೆಗಳು ಬಹುವಾಗಿ ಶಾಲೆಗಳಲ್ಲಿಯೇ. ಮತಗಟ್ಟೆಯ ಸಮಿತಿಯಲ್ಲಿ ಕುಳಿತುಕೊಳ್ಳುವವರಲ್ಲಿ ಉಪಾಧ್ಯಾಯಿನಿಯರ ಸಂಖ್ಯೆ ದೊಡ್ಡದು. ಸೆರ್ಗೇಯ್ ಶ್ಪಿಲ್ಕಿನ್ ಎಂಬ ಭೌತವಿಜ್ಞಾನಿ ಒಂದೊಂದು ಮತಗಟ್ಟೆಯ ಅಂಕಿಗಳನ್ನೂ ಕೂಡಿಸಿ ನಕ್ಷೆ ಬರೆದರು. ಸಹಜವಾಗಿ ನಡೆದ ಚುನಾವಣೆಯಲ್ಲಿ ಆ ನಕ್ಷೆ ಗಂಟೆಯ ಆಕಾರದ ಒಂದು ದಿಬ್ಬವಾಗಿರಬೇಕು. ಇಲ್ಲಿ 70, 75, 80, 85 ಎಂಬ ದುಂಡಗಿನ ಅಂಕಿಗಳ ಮೇಲೆಲ್ಲ ಚೂಪಾದ ಹಲ್ಲುಗಳು ಎದ್ದಿದ್ದವು. 2007ರಿಂದ 2016ರವರೆಗೆ ಚುನಾವಣಾ ಆಯೋಗದ ಅಧ್ಯಕ್ಷರಾಗಿದ್ದವರ ಹೆಸರಿನಿಂದ ಜನ ಇದನ್ನು ‘ಚುರೋವನ ಗರಗಸ’ ಎಂದು ಕರೆದರು. ಮೇಲಿನಿಂದ ಬಂದ ಗುರಿಯನ್ನು ಮುಟ್ಟಿಸಲು ಯಾರೋ ಅಂಕಿಯನ್ನು ದುಂಡಗೆ ಮಾಡಿದ್ದಾರೆ ಎಂದರ್ಥ. 2011ರ ಡಿಸೆಂಬರಿನಲ್ಲಿ ಮಾಸ್ಕೋದ ಬೊಲೋತ್ನಾಯಾ ಚೌಕದಲ್ಲಿ ಸಾವಿರಾರು ಜನ ಸೇರಿದುದು ಇಂತಹ ಅಂಕಿಗಳನ್ನು ಪ್ರತಿಭಟಿಸಿ. ಆ ಹಲ್ಲುಗಳ ಹಿಂದೆ ರುಜು ಹಾಕಿದ ಕೈಗಳಲ್ಲಿ ಎಷ್ಟು ನಮ್ಮ ವೃತ್ತಿಯವರವೋ ಎಂಬ ಯೋಚನೆ ಬಂದಾಗ, ಪರದೇಶದ ಅಂಕಿಅಂಶವನ್ನು ನಿರ್ಲಿಪ್ತರಾಗಿ ಓದುತ್ತಿದ್ದೇವೆಂಬ ನಮ್ಮ ಭಾವನೆ ಹೋಯಿತು.

ಆ ಕೈಗಳು ಸುಳ್ಳು ಹೇಳಿದವೆ, ನಂಬಿ ಬರೆದವೆ, ಅಥವಾ ಇನ್ನೇನಾದರೂ ಮಾಡುತ್ತಿದ್ದವೆ? ಈ ಪ್ರಶ್ನೆಗೆ ಬೆಳಕು ಕೊಡುವವರು ಲೆನಿನ್‌ಗ್ರಾದಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಮಾನವಶಾಸ್ತ್ರ ಬೋಧಿಸಿದ ಅಲೆಕ್ಸೇಯ್ ಯುರ್ಚಾಕ್. ಸೋವಿಯೆತ್ ಕಡೆಗಾಲವನ್ನು ಕುರಿತ ಅವರ ಗ್ರಂಥ 2005ರಲ್ಲಿ ಬಂದಿತು. ಯುವಜನ ಸಂಘದ ಸಭೆಯಲ್ಲಿ ‘ಪರವಾಗಿರುವವರು?’ ಎಂಬ ಕೂಗು ಕೇಳಿದೊಡನೆ, ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆಯೇ ಕೈಯೆತ್ತುವ ತರುಣರ ಚಿತ್ರ ಅದರಲ್ಲಿದೆ. ಆ ಕೈಯನ್ನು ನಂಬಿಕೆಯೆಂದಾಗಲಿ ವಂಚನೆಯೆಂದಾಗಲಿ ಕರೆಯಲಾಗದು ಎನ್ನುತ್ತಾರೆ ಯುರ್ಚಾಕ್. ಕೈಯೆತ್ತಿ ಮುಗಿಸಿದರೆ ಉಳಿದ ಬದುಕನ್ನು ತಮಗೆ ಬೇಕಾದಂತೆ ಬದುಕಲು ಅವಕಾಶ. ಆಚರಣೆ ಉಳಿಯುತ್ತದೆ, ಅದರೊಳಗಿನ ಅರ್ಥ ಎತ್ತಲೋ ಜಾರುತ್ತದೆ. ನಾವು ಓದಿದ ಗ್ರಂಥಗಳಲ್ಲಿ ಇಷ್ಟು ಸೂಕ್ಷ್ಮವಾದುದು ಇನ್ನೊಂದಿಲ್ಲ. ಆದರೂ ಒಂದು ಮಾತು: ಅರ್ಥವಿಲ್ಲದೆ ಎತ್ತಿದ ಕೈಯಿಂದಲೂ ನಿರ್ಣಯ ಅಂಗೀಕಾರವಾಗುತ್ತದೆ. ಯುರ್ಚಾಕ್ ಇದರ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇಂದಿನ ರಶಿಯಾದ ಶಾಲೆಗಳನ್ನು ನೋಡಿದರೆ ನಿಲ್ಲಲೇಬೇಕಾಗುತ್ತದೆ. 2022ರ ಸೆಪ್ಟೆಂಬರಿನಿಂದ ಸೋಮವಾರದ ಮೊದಲ ಪಾಠ ‘ಮುಖ್ಯ ವಿಷಯಗಳ ಮಾತುಕತೆ’. 2023ರ ಸೆಪ್ಟೆಂಬರಿನಲ್ಲಿ ಮೆದಿನ್‌ಸ್ಕಿ, ತೊರ್ಕುನೊವ್ ಇವರ ಹೆಸರಿನ ಹೊಸ ಚರಿತ್ರೆಯ ಪಾಠಪುಸ್ತಕ ಮೇಲಿನ ತರಗತಿಗಳಿಗೆ ಬಂದಿತು. ನಡೆಯುತ್ತಿರುವ ಯುದ್ಧವೇ ಅದರಲ್ಲಿ ಇತಿಹಾಸವಾಗಿ, ಸರಕಾರದ ಸಮರ್ಥನೆಯೊಡನೆ, ಅಚ್ಚಾಗಿದೆ. ಯೂರಾಲ್ ಪ್ರಾಂತದ ಕರಬಾಶ್ ಎಂಬ ತಾಮ್ರದ ಕುಲುಮೆಯ ಊರಿನಲ್ಲಿ ಪಾವೆಲ್ ತಲಾಂಕಿನ್ ಎಂಬವರು ಶಾಲೆಯ ಕಾರ್ಯಕ್ರಮಗಳನ್ನು ಏರ್ಪಡಿಸಿ ಚಿತ್ರೀಕರಿಸುವ ಕೆಲಸದಲ್ಲಿದ್ದರು. ಈ ಪಾಠಗಳು ನಡೆದುವೆಂದು ಮೇಲಿನವರಿಗೆ ತೋರಿಸಲು ಅವನ್ನೂ ಚಿತ್ರೀಕರಿಸಿ ಕಳುಹಿಸುವುದು ಅವರ ಪಾಲಿಗೆ ಬಂದಿತು. (ಸುತ್ತೋಲೆಯಂತೆ ಕಾರ್ಯಕ್ರಮ ನಡೆಸಿ ಸಾಕ್ಷಿಗೆ ಛಾಯಾಚಿತ್ರ ಕಳುಹಿಸುವ ಪದ್ಧತಿ ನಮಗೂ ತೀರ ಅಪರಿಚಿತವಲ್ಲ.) ಆ ಚಿತ್ರಗಳೊಡನೆ ಅವರು 2024ರಲ್ಲಿ ದೇಶ ಬಿಟ್ಟರು; 2025ರಲ್ಲಿ ಡೇವಿಡ್ ಬೊರೆನ್‌ಸ್ಟೈನ್ ಜೊತೆಗೂಡಿ ಮಾಡಿದ ಅವರ ಸಾಕ್ಷ್ಯಚಿತ್ರ ಹೊರಬಂದಿತು. ವಿಧೇಯತೆಗೆ ಪುರಾವೆಯೆಂದು ತೆಗೆದ ಚಿತ್ರವೇ ಬಲಾತ್ಕಾರಕ್ಕೆ ಪುರಾವೆಯಾಯಿತು.

ತೂಲಾ ಪ್ರಾಂತದ ಯೆಫ್ರೆಮೊವ್ ಪಟ್ಟಣದಲ್ಲಿ ನಡೆದುದಂತೂ ಕೈಯೆತ್ತಿ ಕುಳಿತವರ ಪುಸ್ತಕದೊಳಗೆ ಹಿಡಿಸುವುದಿಲ್ಲ. 2022ರ ಏಪ್ರಿಲಿನಲ್ಲಿ ಆರನೆಯ ತರಗತಿಯ ಒಬ್ಬ ಬಾಲಕಿ ಚಿತ್ರಕಲೆಯ ಪಾಠದಲ್ಲಿ ಕ್ಷಿಪಣಿಗಳಿಗೆ ಎದುರಾಗಿ ನಿಂತ ತಾಯಿಮಗುವಿನ ಚಿತ್ರ ಬರೆದು ಯುದ್ಧ ಬೇಡವೆಂದಳು. ಶಾಲೆಯಿಂದ ಪೊಲೀಸರಿಗೆ ಸುದ್ದಿ ಹೋಯಿತು. ಪೊಲೀಸರು ತಂದೆಯ ಬರಹಗಳನ್ನು ಕೆದಕಿದರು. ಸೈನ್ಯದ ಹೆಸರು ಕೆಡಿಸಿದನೆಂದು 2023ರ ಮಾರ್ಚಿನಲ್ಲಿ ಅವನಿಗೆ ಎರಡು ವರ್ಷಗಳ ಸೆರೆಯಾಯಿತು, ಬಾಲಕಿಯನ್ನು ಅನಾಥರ ಆಶ್ರಯಕ್ಕೆ ಸೇರಿಸಿದರು. ಅದೇ ಕಾನೂನಿನ ಅದೇ ದೇಶದಲ್ಲಿ ಅಂತಹ ಚಿತ್ರಗಳನ್ನು ಮಡಚಿ ಮೇಜಿನೊಳಗಿಟ್ಟು ಸುಮ್ಮನಾದ ಉಪಾಧ್ಯಾಯಿನಿಯರೂ ಇದ್ದಿರಲೇಬೇಕು. ಅವರ ಹೆಸರು ಯಾವ ಅಂಕಿಯಲ್ಲಿಯೂ ಬರುವುದಿಲ್ಲ. ‘ಸೋವಿಯೆತ್ ಮಾನವ’ನ ಸಿದ್ಧಾಂತದಲ್ಲಿ ಸುದ್ದಿ ಮುಟ್ಟಿಸಿದವರೂ ಮಡಚಿಟ್ಟವರೂ ಒಂದೇ. ಆ ಸಿದ್ಧಾಂತದ ಮೇಲೆ ನಮಗಿರುವ ಮುನಿಸಿಗೆ ಮುಖ್ಯ ಕಾರಣ ಇದೇ.

ಇಂತಹ ದೇಶದಲ್ಲಿ ಅಭ್ಯಾಸಿಗಳ ಪಾಡೂ ಸುಲಭವಲ್ಲ. ಸ್ಟಾಲಿನ್ ಕಾಲದ ಬಲಿಗಳ ಹೆಸರನ್ನು ಒಂದೊಂದಾಗಿ ಕೂಡಿಸಿದ ‘ಮೆಮೋರಿಯಲ್’ ಸಂಸ್ಥೆಯನ್ನು 2021ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಸರ್ಜಿಸಿತು. ಬ್ರೆಜ್ನೆವ್ ಕಾಲದಲ್ಲಿ, 1982ರಲ್ಲಿ, ಬಂಧನಕ್ಕೊಳಗಾಗಿದ್ದ ಸಮಾಜಶಾಸ್ತ್ರಜ್ಞ ಬೊರಿಸ್ ಕಗರ್ಲಿತ್ಸ್ಕಿಯವರಿಗೆ 2024ರಲ್ಲಿ ಮತ್ತೆ ಐದು ವರ್ಷಗಳ ಸೆರೆ ವಿಧಿಸಲಾಯಿತು.

ಹೀಗಿದ್ದರೂ ಕೆಲಸ ನಿಂತಿಲ್ಲ. ‘ಸಾರ್ವಜನಿಕ ಸಮಾಜಶಾಸ್ತ್ರ ಪ್ರಯೋಗಶಾಲೆ’ ಎಂಬ ತಂಡದ ಸಂಶೋಧಕರು 2023ರಲ್ಲಿ ಸ್ವೆರ್ದ್‌ಲೊವ್‌ಸ್ಕ್, ಬುರ್ಯಾತಿಯಾ, ಕ್ರಾಸ್ನೊದಾರ್ ಎಂಬ ಮೂರು ಪ್ರಾಂತಗಳ ಸಣ್ಣ ಊರುಗಳಲ್ಲಿ ಹೋಗಿ ತಂಗಿದರು. ಪ್ರಶ್ನಾವಳಿಯಿಲ್ಲ, ಜನ ಇರುವೆಡೆಯಲ್ಲಿ ಇದ್ದರು, ಆಡಿದ ಮಾತನ್ನೂ ಆಡದ ಮಾತನ್ನೂ ಟಿಪ್ಪಣಿ ಮಾಡಿಕೊಂಡರು. ಅವರಿಗೆ ಮೊದಲು ಕಂಡುದು ಯುದ್ಧದ ಮಾತೇ ಇಲ್ಲದಿರುವುದು. ಸೈನ್ಯಕ್ಕೆ ಮರೆಬಲೆ ಹೆಣೆಯುವ ಹೆಂಗಸರಲ್ಲಿಯೂ ಸರಕಾರದ ಗುರಿಗಳ ಮಾತಿಗಿಂತ ‘ನಮ್ಮ ಹುಡುಗರು’ ಎಂಬ ಮಾತೇ ಹೆಚ್ಚು. ಹೊರಗಿನವರು ಯುದ್ಧವನ್ನು ಬೈದರೆ ಸಮರ್ಥನೆಗೆ ನಿಲ್ಲುವವರೇ ತಮ್ಮ ತಮ್ಮಲ್ಲಿ ಅದು ಬೇಗ ಮುಗಿಯಲೆನ್ನುತ್ತಾರೆ. ಇವರನ್ನು ಲೆವಾದಾ ಸಂಸ್ಥೆಯ ಕಾಗದದ ಯಾವ ಮನೆಯಲ್ಲಿ ಗುರುತು ಹಾಕಬೇಕು? ಹಾಕಿದರೆ ಬಹುಶಃ ಶೇಕಡ 83ರಲ್ಲಿಯೇ ಬೀಳುತ್ತಾರೆ. ಮೂರೇ ಊರುಗಳಿಂದ ಅಷ್ಟು ದೊಡ್ಡ ದೇಶವನ್ನು ಅಳೆಯಲಾಗದು, ನಿಜ. ಆದರೆ ಆ 83 ಎಂಬ ಅಂಕಿಯ ಒಳಗೆ ಏನೇನು ಅಡಗಿದೆಯೆಂಬುದು ಅಂಕಿಯಿಂದ ತಿಳಿಯದು. ಇಲ್ಲಿ ಸ್ವಲ್ಪ ತಿಳಿಯುತ್ತದೆ.

ಈ ತಿಳಿವಳಿಕೆಯೊಡನೆ ಅಲೆಕ್ಸಿಯೇವಿಚ್ ಅವರ ಗ್ರಂಥಕ್ಕೆ ಮರಳಿದರೆ ಅದರ ಅತ್ಯಂತ ಒಳ್ಳೆಯ ಪುಟಗಳು ಯಾವುವೆಂಬ ನಮ್ಮ ಎಣಿಕೆಯೇ ಬದಲಾಗುತ್ತದೆ. ಮಾರ್ಷಲ್‌ನ ಅಧ್ಯಾಯಕ್ಕಿಂತ, ಕೋಟೆಯ ಯೋಧನ ಅಧ್ಯಾಯಕ್ಕಿಂತ, ಕೊನೆಯಲ್ಲಿ ಬರುವ ಒಂದೆರಡು ಪುಟಗಳ ಸಣ್ಣ ತುಣುಕು ದೊಡ್ಡದು. ಅಲ್ಲಿ ಮಾತನಾಡುವವಳು ಸಾಮಾನ್ಯಳಾದ ಒಬ್ಬ ಹಳ್ಳಿಯ ಹೆಂಗಸು. ಆಳುವ ಪದ್ಧತಿ ಯಾವುದಾದರೇನು, ತಮ್ಮ ಪಾಡು ಮೊದಲಿನಂತೆಯೇ, ವಸಂತ ಬರಲಿ ಆಲೂಗಡ್ಡೆ ನೆಡಬೇಕು ಎನ್ನುವ ಭಾವ ಅವಳದು. ಇದನ್ನು ‘ಸೋವಿಯೆತ್ ಮಾನವ’ನ ಜಡತೆಯೆಂದು ಓದಬೇಕೆಂದು ಮುನ್ನುಡಿ ನಮ್ಮನ್ನು ಸಿದ್ಧಪಡಿಸಿರುತ್ತದೆ. ಆದುದರಿಂದ ಈ ಗ್ರಂಥವನ್ನು ಕೈಗೆತ್ತಿಕೊಳ್ಳುವ ವಾಚಕರಲ್ಲಿ ನಮ್ಮದೊಂದು ವಿನಂತಿ: ಮುನ್ನುಡಿಯನ್ನು ಬಿಟ್ಟು ಆ ತುಣುಕನ್ನೇ ಮೊದಲು ಓದಿರಿ. ಅವಳ ಮುಂದೆ ಧ್ವನಿಮುದ್ರಣ ಯಂತ್ರ ಹಿಡಿದು ಕುಳಿತವರು ದೂರದ ನಗರದಿಂದ ಬಂದ ಅಪರಿಚಿತರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿರಿ. ಆಮೇಲೆ ಉಳಿದ ಇಪ್ಪತ್ತು ಕಥನಗಳು, ಎಲ್ಲಕ್ಕಿಂತ ಕಡೆಗೆ ಮುನ್ನುಡಿ.